ಎಣ್ಣೆ ಹಚ್ಚಿದ ಮೇಲೆ ಕಂಡ ಗೀರುಗಳು

ಈ ಹಲಗೆ ಅಡ್ಡಪಟ್ಟಿಗಳ ಮೇಲೆ ಎರಡು ವರ್ಷ ಮಲಗಿತ್ತು. ಹಲಸಿನ ದಿಮ್ಮಿಯಿಂದ ಉದ್ದಕ್ಕೆ ಸೀಳಿಸಿದ್ದು. 140 ಸೆಂಟಿಮೀಟರ್ ಉದ್ದ, ನಡುವಿನಲ್ಲಿ 62 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ದಪ್ಪ. ಉದ್ದದ ಎರಡೂ ಅಂಚುಗಳನ್ನು ಗರಗಸ ಮುಟ್ಟಿರಲಿಲ್ಲ. ಮರ ಹೇಗೆ ಬೆಳೆದಿತ್ತೋ ಹಾಗೆಯೇ ಒಂದೆಡೆ ಉಬ್ಬಿ ಇನ್ನೊಂದೆಡೆ ತಗ್ಗಿ ಸಾಗುವ ಅಂಚು. ಇದರಿಂದ ಬರೆಯುವ ಮೇಜು ಮಾಡಲು ಹೊರಟಾಗ, ಹಲಗೆಯನ್ನು ಮಟ್ಟ ಮಾಡಿ ಕಾಲು ಕೂಡಿಸುವುದೇ ದೊಡ್ಡ ಕೆಲಸ, ಎಣ್ಣೆ ಹಚ್ಚುವುದು ಒಂದು ಸಂಜೆಯ ಮಾತು ಎಂದುಕೊಂಡಿದ್ದೆ. ಆ ಒಂದು ಸಂಜೆಯ ಮಾತು ಏಳು ವಾರ ಹಿಡಿಯಿತು.

ಗಾಳಿಯಲ್ಲಿ ಒಣಗುವ ಮರಕ್ಕೆ ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಹಳೆಯ ಲೆಕ್ಕ. ಲೆಕ್ಕವನ್ನಷ್ಟೇ ನಂಬದೆ ತೇವಮಾಪಕವನ್ನು ಐದಾರು ಕಡೆ ಒತ್ತಿ ನೋಡಿದೆ. ಎಲ್ಲೆಡೆ 11 ಪ್ರತಿಶತದ ಆಸುಪಾಸು ಬಂತು. ಹಸಿ ಹಲಗೆಗೆ ಎಷ್ಟು ಚಂದ ಎಣ್ಣೆ ಹಚ್ಚಿದರೂ ಅದು ಆಮೇಲೆ ಸೊಟ್ಟಗಾಗುತ್ತದೆ, ಸೀಳುತ್ತದೆ. ಆದ್ದರಿಂದ ಈ ಪರೀಕ್ಷೆಯನ್ನು ಬಿಡಬಾರದು. ಮಟ್ಟ ಮಾಡಲು ಎರಡು ಹಳಿಗಳ ಮೇಲೆ ರೂಟರ್ ಓಡಿಸಿದೆ, ಅಂದರೆ ಗಿರಗಿರನೆ ತಿರುಗುವ ಅಲಗಿನಿಂದ ಮರ ಕೆತ್ತುವ ಯಂತ್ರ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೂಟರ್‌ನ ಅಲಗು ಪ್ರತಿ ಓಟಕ್ಕೂ ಕೂದಲೆಳೆಯಷ್ಟು ತೆಳುವಾದ ಏಣನ್ನು ಬಿಟ್ಟು ಹೋಗುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಅಂಚಿನ ತೊಗಟೆಯನ್ನು ಪೂರ್ತಿ ತೆಗೆದೆ. ತೊಗಟೆ ಇದ್ದರೆ ಚಂದ ಎನ್ನುವವರಿದ್ದಾರೆ. ಆದರೆ ಒಣಗಿದ ತೊಗಟೆ ಇಂದಲ್ಲ ನಾಳೆ ಉದುರುವಂಥದ್ದು, ಹುಳು ಮನೆ ಮಾಡುವುದೂ ಅದರ ಅಡಿಯಲ್ಲೇ. ಮೊಂಡು ಉಳಿಯನ್ನು ಅಂಚಿಗೆ ಸಮಾನಾಂತರವಾಗಿ ಹಿಡಿದು ತಳ್ಳಿದರೆ ಅದು ಚಕ್ಕೆ ಚಕ್ಕೆಯಾಗಿ ಬಿಟ್ಟುಕೊಳ್ಳುತ್ತದೆ. ಹರಿತವಾದ ಉಳಿಯಾದರೆ ಕೆಳಗಿನ ಮರವನ್ನೂ ಕೊರೆದುಬಿಡುತ್ತದೆ. ತೊಗಟೆ ಹೋದ ಮೇಲೆ ನೈಲಾನ್ ಎಳೆಗಳ ಬ್ರಷ್‌ನಿಂದ ಉಜ್ಜಿದೆ. ಅಲ್ಲಿ ಸಿಕ್ಕ ಮೇಲ್ಮೈಯನ್ನು ಇನ್ನೂ ಮರೆತಿಲ್ಲ: ಸಣ್ಣ ಸಣ್ಣ ಅಲೆಗಳು, ಬೆರಳಿಗಷ್ಟೇ ತಿಳಿಯುವ ತಗ್ಗುಗಳು. ಯಂತ್ರ ತಾಗಿಸಿದ್ದರೆ ಅರ್ಧ ನಿಮಿಷದಲ್ಲಿ ಅಷ್ಟೂ ಸವೆದುಹೋಗುತ್ತಿತ್ತು. ಅಂಚಿನಲ್ಲಿ ಒಂದು ಬೆರಳಗಲ ತಿಳಿಬಣ್ಣದ ಹೊರಮರವಿದೆ, ಒಳಗೆಲ್ಲ ಹಳದಿ ಚೇಗು. ಹುಳುವಿನ ಕಾಟ ಇರುವುದು ಹೊರಮರಕ್ಕೇ. ಅದಕ್ಕಾಗಿ ಅಲ್ಲಿ ಒಂದೊಂದು ತೂತನ್ನೂ ಹುಡುಕಿ, ತಟ್ಟಿ, ಹೊಸ ಪುಡಿ ಉದುರುತ್ತಿಲ್ಲವೆಂದು ಖಚಿತ ಮಾಡಿಕೊಂಡೆ.

ಹಲಗೆಯ ಒಂದು ತುದಿಯಲ್ಲಿ ಗೇಣುದ್ದದ ಬಿರುಕಿತ್ತು. ತುಂಬಿ ಮುಚ್ಚಿಬಿಡಬಹುದಾಗಿತ್ತು, ಆದರೆ ತುಂಬುವುದರಿಂದ ಬಿರುಕು ನಿಲ್ಲುವುದಿಲ್ಲ. ಅದರ ಮೇಲೆ ಅಡ್ಡಲಾಗಿ ಡಮರುಗದ ಆಕಾರದ ಎರಡು ಕೀಲುಗಳನ್ನು ಕೂರಿಸಿದೆ. ಕೀಲಿನ ಎಳೆ, ಅಂದರೆ ಅದರ ಮರದ ನಾರು, ಬಿರುಕಿಗೆ ಅಡ್ಡವಾಗಿಯೇ ಓಡಬೇಕು. ಬಿರುಕಿನ ಜೊತೆಗೆ ಓಡಿದರೆ ಕೀಲು ಸೊಂಟದಲ್ಲೇ ಮುರಿಯುತ್ತದೆ. ಕೀಲನ್ನು ಮೊದಲು ಕತ್ತರಿಸಿ, ಹಲಗೆಯ ಮೇಲಿಟ್ಟು, ಸುತ್ತ ಚಾಕುವಿನ ಮೊನೆಯಿಂದ ಗೆರೆ ಎಳೆದು, ಆ ಗೆರೆಯ ಒಳಗೇ ಒಂದೂವರೆ ಸೆಂಟಿಮೀಟರ್ ಆಳ ಕೊರೆದೆ. ಪೆನ್ಸಿಲ್ ಗೆರೆ ದಪ್ಪ. ಚಾಕುವಿನ ಗೆರೆಯಾದರೆ ಉಳಿಯ ಬಾಯಿ ಅದರಲ್ಲೇ ಹೋಗಿ ಕೂರುತ್ತದೆ. ಗಂಟಿನ ಪೊಳ್ಳಿಗೆ ಮಾತ್ರ ಎಪಾಕ್ಸಿ ಎಂಬ, ಹುಯ್ದ ಮೇಲೆ ಗಟ್ಟಿಯಾಗುವ ಅಂಟು ಹುಯ್ದೆ. ಒಮ್ಮೆಲೇ ತುಂಬದೆ ಮೊದಲು ಒಳಗೋಡೆಗೆ ತೆಳುವಾಗಿ ಬಳಿದು ಗಟ್ಟಿಯಾಗಲು ಬಿಟ್ಟೆ. ಹಾಗೆ ಮಾಡದಿದ್ದರೆ ಮರದ ರಂಧ್ರಗಳಿಂದ ಗಾಳಿ ಹೊರಟು ಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ.

ಆಮೇಲೆ ಉಪ್ಪುಕಾಗದದ ಸರದಿ. 80, 120, 150, 180 ಎಂದು ಹಂತ ಹಂತವಾಗಿ ಉಜ್ಜಿದೆ. ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು. ಕೈಯಾಡಿಸಿದರೆ ಬೆಣ್ಣೆ. ಹಗಲಿನ ಬೆಳಕಿನಲ್ಲಿ ನೋಡಿದರೆ ಒಂದು ಕಲೆಯಿಲ್ಲ. ಆ ಸಂಜೆಯೇ ಮೊದಲ ಕೈ ಎಣ್ಣೆ ಹಚ್ಚಿದೆ. ಹಳದಿ ಮರ ಕಣ್ಣೆದುರೇ ಜೇನಿನ ಬಣ್ಣಕ್ಕೆ ತಿರುಗಿತು. ಅದರ ಜೊತೆಗೇ ಗೀರುಗಳೂ ಎದ್ದು ಕಂಡವು. ಹಲಗೆಯ ಎಡಭಾಗದಲ್ಲಿ ರೂಟರ್ ಬಿಟ್ಟ ಅಡ್ಡಗೆರೆಗಳು, ಒಂದರ ಪಕ್ಕ ಒಂದು, ಬಾಚಣಿಗೆಯ ಹಲ್ಲಿನಂತೆ. ಗಂಟಿನ ಸುತ್ತ ಉಜ್ಜುವ ಯಂತ್ರ ಕೊರೆದ ಸುರುಳಿ ಸುರುಳಿ ಗೀರು. ಎಣ್ಣೆ ಅವುಗಳಲ್ಲಿ ಇಳಿದು ಒಂದೊಂದನ್ನೂ ಕಪ್ಪಾಗಿ ತಿದ್ದಿತ್ತು. ಅಂದು ರಾತ್ರಿ ನನಗೆ ನಿಜಕ್ಕೂ ಬಹಳ ನೋವಾಯಿತು.

ತಪ್ಪು ಎಲ್ಲಾಯಿತೆಂದು ಈಗ ಗೊತ್ತು. ರೂಟರ್‌ನ ಗೆರೆಗಳನ್ನು 80ರ ಕಾಗದದಲ್ಲೇ ಪೂರ್ತಿ ತೆಗೆಯಬೇಕಿತ್ತು. ಅದು ತೆಗೆಯದೆ ಬಿಟ್ಟ ಗೀರನ್ನು 120 ತೆಗೆಯುವುದಿಲ್ಲ, ನುಣುಪು ಮಾಡಿ ಅಡಗಿಸುತ್ತದೆ ಅಷ್ಟೇ. ಎಣ್ಣೆ ಹಿಡಿದ ಮರವನ್ನು ಒಡನೆಯೇ ಉಜ್ಜಿದರೆ ಕಾಗದ ಅಂಟುಗಟ್ಟುತ್ತದೆ, ಹಾಗಾಗಿ ಹತ್ತು ದಿನ ಬಿಟ್ಟೆ. ನಂತರ ಮತ್ತೆ 80ರಿಂದ ಶುರು. ಈ ಬಾರಿ ಪ್ರತಿ ಹಂತಕ್ಕೂ ಮೊದಲು ಹಲಗೆಯ ತುಂಬ ಪೆನ್ಸಿಲ್‌ನಿಂದ ಅಲೆಯಲೆಯಾಗಿ ಗೀಚಿದೆ. ಆ ಗೀಚು ಎಲ್ಲೆಡೆ ಅಳಿಸಿಹೋದರೆ ಕಾಗದ ಎಲ್ಲ ಕಡೆ ಸಮನಾಗಿ ಓಡಿದೆ ಎಂದರ್ಥ. ಕತ್ತಲಾದ ಮೇಲೆ ದೀಪವನ್ನು ಹಲಗೆಯ ಮಟ್ಟಕ್ಕೇ ಇಳಿಸಿ ಓರೆಯಾಗಿ ಬೆಳಕು ಬಿಟ್ಟು ನೋಡಿದೆ. ಮೇಲಿನಿಂದ ಬೀಳುವ ಬೆಳಕು ಮುಚ್ಚಿಡುವುದನ್ನೆಲ್ಲ ಓರೆ ಬೆಳಕು ನೆರಳಾಗಿ ತೋರಿಸುತ್ತದೆ. ಕೊನೆಗೆ ಬಟ್ಟೆಯಲ್ಲಿ ಟರ್ಪೆಂಟೈನ್ ಅದ್ದಿ ಒರೆಸಿದೆ. ಅದು ಆವಿಯಾಗುವ ತನಕ ಮರ ಎಣ್ಣೆ ಕುಡಿದಾಗ ಹೇಗೆ ಕಾಣುವುದೋ ಹಾಗೆಯೇ ಕಾಣುತ್ತದೆ. ಗಂಟಿನ ಬಳಿ ಇನ್ನೂ ಮೂರು ಸುರುಳಿಗಳು ಸಿಕ್ಕವು. ಅವನ್ನು ಯಂತ್ರ ಬದಿಗಿಟ್ಟು, ಎಳೆಯ ದಿಕ್ಕಿನಲ್ಲೇ ಕೈಯಿಂದ ಉಜ್ಜಿ ತೆಗೆದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ, ನಿಮಿರಿದ ನಾರುಗಳನ್ನು ಒಣಗಿದ ಮೇಲೆ 220ರ ಕಾಗದದಿಂದ ಹಗುರವಾಗಿ ಸವರಿದೆ.

ಎಣ್ಣೆಗೆ ನಾನು ಆರಿಸಿದ್ದು ಒಣಗಿಸುವ ದ್ರವ್ಯ ಬೆರೆಸಿದ ಅಗಸೆ ಎಣ್ಣೆ, ಅಂಗಡಿಗಳಲ್ಲಿ ಬಾಯ್ಲ್ಡ್ ಎಂಬ ಹೆಸರಿನಲ್ಲಿ ಸಿಗುವಂಥದ್ದು. ಕಚ್ಚಾ ಅಗಸೆ ಎಣ್ಣೆ ಒಣಗಲು ವಾರಗಟ್ಟಲೆ ಬೇಕು. ಊಟದ ಮೇಜಾಗಿದ್ದರೆ ಪಾಲಿಯುರೆಥೇನ್ ಎಂಬ ವಾರ್ನಿಷ್ ಹಚ್ಚುತ್ತಿದ್ದೆ. ನೀರು, ಬಿಸಿ ತಡೆಯುವುದರಲ್ಲಿ ಎಣ್ಣೆ ಅದಕ್ಕೆ ಸಮನಲ್ಲ. ಆದರೆ ಪಾಲಿಯುರೆಥೇನ್ ಮರದ ಮೇಲೆ ಕೂರುವ ಪದರ, ಗೀರು ಬಿದ್ದರೆ ಆ ಜಾಗವನ್ನಷ್ಟೇ ಸರಿಮಾಡುವುದು ಕಷ್ಟ. ಎಣ್ಣೆ ಒಳಗಿಳಿಯುತ್ತದೆ, ಕಲೆಯಾದಲ್ಲಿ ಮತ್ತೆ ಹಚ್ಚಿದರಾಯಿತು. ಬರೆಯುವ ಮೇಜಿಗೆ ಕೈ ತಾಗುವುದು ಮರಕ್ಕೇ ಆಗಿರಲಿ ಎಂಬ ಆಸೆಯೂ ಇತ್ತು.

ಮೊದಲ ಕೈಗೆ ಎಣ್ಣೆ ಮತ್ತು ಟರ್ಪೆಂಟೈನ್ ಸಮಸಮ, ಆಮೇಲೆ ಬರಿಯ ಎಣ್ಣೆ. ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು, ಮರ ಕುಡಿಯದೆ ಉಳಿದ ಎಣ್ಣೆಯನ್ನು ಒಣ ಬಟ್ಟೆಯಿಂದ ಒಂದು ಹನಿಯೂ ಬಿಡದಂತೆ ಒರೆಸಬೇಕು. ಬಿಟ್ಟ ಕಡೆ ಅದು ಅಂಟಂಟಾಗಿ ಉಳಿದುಬಿಡುತ್ತದೆ. ಅಡ್ಡ ಕೊಯ್ದ ತುದಿಗಳು ಹೀರುಕೊಳವೆಗಳ ಕಟ್ಟಿನಂತೆ, ಹಚ್ಚಿದಷ್ಟೂ ಕುಡಿಯುತ್ತವೆ. ಅಲ್ಲಿಗೆ ಪ್ರತಿ ಸಲ ಎರಡೆರಡು ಬಾರಿ ಹಚ್ಚಿದೆ. ಮೇಲ್ಭಾಗಕ್ಕೆ ಎಷ್ಟು ಕೈಯೋ ಕೆಳಭಾಗಕ್ಕೂ ಅಷ್ಟೇ. ಒಂದು ಮುಖ ಮಾತ್ರ ಮುಚ್ಚಿದರೆ ಎರಡು ಮುಖಗಳೂ ತೇವವನ್ನು ಬೇರೆ ಬೇರೆ ವೇಗದಲ್ಲಿ ಎಳೆದುಕೊಂಡು ಹಲಗೆ ಬಾಗುತ್ತದೆ. ಹೀಗೆ ಐದು ಕೈ, ಒಂದೊಂದರ ನಡುವೆ ಎರಡು ದಿನ.

ಒಂದು ಮಾತನ್ನು ಒತ್ತಿ ಹೇಳಬೇಕು. ಅಗಸೆ ಎಣ್ಣೆ ಒಣಗುವುದು ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕದೊಡನೆ ಕೂಡಿ. ಆಗ ಶಾಖ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಹೊರಹೋಗದೆ ಕೂಡುತ್ತಾ ಹೋಗಿ, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಿಕೊಳ್ಳಬಹುದು. ನಾನು ಪ್ರತಿ ಬಟ್ಟೆಯನ್ನೂ ಕೂಡಲೇ ನೀರಿನಲ್ಲಿ ಮುಳುಗಿಸಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಟ್ಟೆ.

ಕಾಲುಗಳನ್ನು ಕೂಡಿಸುವಾಗ ಸ್ಕ್ರೂಗಳಿಗೆ ದುಂಡು ತೂತಿನ ಬದಲು ಅಗಲದ ದಿಕ್ಕಿಗೆ ಉದ್ದನೆಯ ಸೀಳು ತೂತು ಕೊರೆದೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ, ಅಗಲಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ ತಿಂಗಳಿನಲ್ಲಿ ಅಳೆದಾಗ ನನ್ನ ಹಲಗೆ 4 ಮಿಲಿಮೀಟರ್ ಹಿಗ್ಗಿತ್ತು. ಸ್ಕ್ರೂಗಳು ಸೀಳಿನೊಳಗೆ ಅಷ್ಟೇ ಸರಿದಿದ್ದವು. ಡಮರುಗದ ಕೀಲುಗಳ ಸುತ್ತ ಒಂದು ಗೆರೆಯೂ ಬಿಟ್ಟಿರಲಿಲ್ಲ.

ಮೂರನೆಯ ತಿಂಗಳು ಒದ್ದೆ ಲೋಟವೊಂದು ರಾತ್ರಿಯಿಡೀ ಮೇಜಿನ ಮೇಲೆ ಉಳಿದು ಬೂದು ಬಣ್ಣದ ಉಂಗುರ ಬಿಟ್ಟಿತ್ತು. 320ರ ಕಾಗದದಿಂದ ಎಳೆಯ ಗುಂಟ ಸವರಿ, ನಾಲ್ಕು ಹನಿ ಎಣ್ಣೆ ತಿಕ್ಕಿದೆ. ಹದಿನೈದು ನಿಮಿಷದ ಕೆಲಸ. ಈಗ ಚೇಗಿನ ಹಳದಿ ಬೆಳಕು ತಾಗಿ ತಾಗಿ ಕಂದಿಗೆ ತಿರುಗುತ್ತಿದೆ. ದೀಪದ ಬುಡವಿದ್ದ ಜಾಗದಲ್ಲಿ ಮಾತ್ರ ಒಂದು ವೃತ್ತ ಇನ್ನೂ ಹಳದಿಯಾಗಿಯೇ ಇದೆ. ಅದಕ್ಕೂ ಬೆಳಕು ಬೀಳಲೆಂದು ಮೊನ್ನೆ ದೀಪವನ್ನು ಪಕ್ಕಕ್ಕೆ ಸರಿಸಿಟ್ಟಿದ್ದೇನೆ.