ಮಿಯಾಟಾ ತಗೋಳೋರು ಯಾವ ಟ್ರಿಮ್ ತಗೋಬೇಕು

ಅಮೆರಿಕದಲ್ಲಿ ಮಾಜ್ದಾ ಎಂಎಕ್ಸ್-5 ಅಂದ್ರೆ ಮಿಯಾಟಾ, ಟಾಪ್ (ಛಾವಣಿ) ತೆಗೆಯೋ ಎರಡು ಸೀಟಿನ ಸ್ಪೋರ್ಟ್ಸ್ ಕಾರು, ನೋಡ್ತಾ ಇದ್ದೀರಾ? ಸ್ಪೋರ್ಟ್, ಕ್ಲಬ್, ಗ್ರ್ಯಾಂಡ್ ಟೂರಿಂಗ್ ಅಂತ ಮೂರು ಟ್ರಿಮ್, ಅಂದ್ರೆ ಒಂದೇ ಕಾರಿನ ಬೇರೆ ಬೇರೆ ಮಾಡೆಲ್ ಇದೆ, ಆದ್ರೆ ಇಂಜಿನ್ ಎಲ್ಲದ್ರಲ್ಲೂ ಅದೇ 2 ಲೀಟರ್‌ದು, 2019ರಿಂದ 181 ಹಾರ್ಸ್‌ಪವರ್, ಹಾಗಾಗಿ ಜಾಸ್ತಿ ದುಡ್ಡು ಕೊಟ್ರೆ ಗಾಡಿ ಜೋರಾಗಿ ಓಡುತ್ತೆ ಅನ್ಕೋಬೇಡಿ.

ಘಾಟಿ ರಸ್ತೆ, ಟ್ರ್ಯಾಕ್ ಡೇ (ರೇಸ್ ಟ್ರ್ಯಾಕಲ್ಲಿ ನಮ್ಮದೇ ಗಾಡಿ ಓಡಿಸೋದು) ಹುಚ್ಚು ಇದ್ರೆ ಕ್ಲಬ್ ತಗೊಳ್ಳಿ, ಅದೂ ಮ್ಯಾನುವಲ್ ಗೇರಿಂದೇ, ಯಾಕಂದ್ರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ಲು, ಬಿಲ್‌ಸ್ಟೀನ್ ಕಂಪನಿ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಮ್ಯಾನುವಲ್ ಕ್ಲಬ್‌ನಲ್ಲಿ ಬರುತ್ತೆ, ಆ ಡಿಫರೆನ್ಷಿಯಲ್ ಇದ್ರೆ ತಿರುವಿಂದ ಆಚೆ ಬರ್ತಾ ಆಕ್ಸಿಲರೇಟರ್ ಒತ್ತಿದಾಗ ಒಳಗಿನ ಚಕ್ರ ಸುಮ್ನೆ ಗಿರಗಿರ ತಿರುಗಲ್ಲ, ಎರಡೂ ಚಕ್ರಕ್ಕೆ ಶಕ್ತಿ ಹೋಗುತ್ತೆ. ಹಳೇ ಆಟೋಮ್ಯಾಟಿಕ್ ಕ್ಲಬ್ ತಗೊಂಡ್ರೆ ಇವೆರಡೂ ಇಲ್ಲ, ಆಮೇಲೆ ಕ್ಲಬ್ ತಗೊಂಡು ಏನು ಬಂತು?

ದಿನಾ ಆಫೀಸಿಗೆ ಹೋಗೋರಿಗೆ ಗ್ರ್ಯಾಂಡ್ ಟೂರಿಂಗ್, ಲೆದರ್ ಸೀಟು, ಬಿಸಿಯಾಗೋ ಸೀಟು, ಚಳಿಯಲ್ಲೂ ಟಾಪ್ ಇಳಿಸ್ಕೊಂಡು ಹೋಗ್ಬಹುದು.

ಸ್ಪೋರ್ಟ್‌ನ ಬೇಸ್ ಮಾಡೆಲ್ ಅಂತ ಮೂಗು ಮುರಿಬೇಡಿ, 16 ಇಂಚಿನ ಚಕ್ರಕ್ಕೆ ಟೈರು ಅಗ್ಗ, ಗುಂಡಿ ರಸ್ತೆಲಿ ಮೆತ್ತಗಿರುತ್ತೆ. ನಾನಾದ್ರೆ ಅದನ್ನೇ ತಗೊಂಡು ಉಳಿದ ದುಡ್ಡಲ್ಲಿ ಒಳ್ಳೆ ಟೈರ್ ಹಾಕಿಸ್ತಿದ್ದೆ. ಎತ್ತರ ಇರೋರು ಮಾತ್ರ ಸಹಿ ಹಾಕೋ ಮುಂಚೆ ಟಾಪ್ ಮುಚ್ಚಿ ಒಂದ್ಸಲ ಕೂತು ನೋಡಿ, ತಲೆ ತಾಗ್ಬಹುದು.