ಕಿರುಪ್ರಬಂಧಕ್ಕೆ ವಿಷಯ ಆಯುವವರಿಗೆ ಒಂದು ಸಲಹೆ

ಎಂ.ಎ. ಕೊನೆಯ ಸೆಮಿಸ್ಟರ್‌ನಲ್ಲಿ ಮಾರ್ಗದರ್ಶಕರ ಕೈಕೆಳಗೆ ಕಿರುಪ್ರಬಂಧ ಬರೆಯುವವರು ವಿಷಯದ ವ್ಯಾಪ್ತಿಯನ್ನು ಆದಷ್ಟು ಕಿರಿದಾಗಿಸಿಕೊಳ್ಳಬೇಕು. ‘ಕರ್ನಾಟಕದ ವೀರಗಲ್ಲುಗಳು’ ಎಂದು ಹೊರಟರೆ ಅದು ನಾಲ್ಕು ತಿಂಗಳಲ್ಲಿ ಮುಗಿಯುವ ಮಾತಲ್ಲ. ಬದಲಿಗೆ ಒಂದೇ ಹೋಬಳಿಯನ್ನು ಆಯ್ದುಕೊಂಡು, ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಶಾಸನ ಸಂಪುಟಗಳಲ್ಲಿ ತಾಲ್ಲೂಕುವಾರು ಅಚ್ಚಾಗಿರುವ ಶಾಸನಪಾಠವನ್ನು ಕೈಯಲ್ಲಿ ಹಿಡಿದು ಕಲ್ಲಿನ ಮುಂದೆಯೇ ನಿಂತು ಓದಿದರೆ, ಎಲ್ಲಿ ಅಕ್ಷರ ಸವೆದಿದೆ, ಯಾವ ಪಟ್ಟಿಕೆಯಲ್ಲಿ (ಕಲ್ಲಿನ ಶಿಲ್ಪದ ಅಡ್ಡಸಾಲಿನಲ್ಲಿ) ತುರುಗಳು, ಅಂದರೆ ದನಗಳು ಇವೆ ಎಂಬುದು ತಾನಾಗಿ ತಿಳಿಯುತ್ತದೆ. (ಬೆಳಗಿನ ಓರೆಬಿಸಿಲಿನಲ್ಲಿ ಹೋಗಿ, ನಡುಹಗಲಲ್ಲಿ ಅಕ್ಷರ ಎದ್ದು ಕಾಣುವುದಿಲ್ಲ.) ಅದೇ ವಿಷಯದ ಮೇಲೆ ಹಿಂದೆ ಪಿಎಚ್.ಡಿ. ಆಗಿದೆಯೇ ಎಂಬುದನ್ನು ಪಿಎಚ್.ಡಿ. ಪ್ರಬಂಧಗಳನ್ನು ಇರಿಸಿರುವ ‘ಶೋಧಗಂಗಾ’ ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಿ. ಮಾರ್ಗದರ್ಶಕರನ್ನು ಕಾಣುವಾಗ ಎರಡು ಪುಟವನ್ನಾದರೂ ಬರೆದುಕೊಂಡು ಹೋಗಿ. ಬರಿಗೈಯಲ್ಲಿ ಹೋಗಿ ಹೋಗಿ ನಾನು ಒಂದಿಡೀ ತಿಂಗಳು ಕಳೆದುಕೊಂಡಿದ್ದೆ.