ಹಳೇ ಕಬ್ಬಿಣದ ಸೇತುವೆಗೆ ಬಿಸಿ ರಿವೆಟ್: ನನ್ನ ಅನುಭವ

ವೆಲ್ಡ್ ಹೊಡೆದು ಮುಗಿಸಿ, ಇಲ್ಲಾಂದ್ರೆ ಬೋಲ್ಟ್ ಹಾಕಿ, ಈ ಕಾಲದಲ್ಲಿ ರಿವೆಟ್ ಯಾರು ಹೊಡೀತಾರೆ ಅಂತ ನನಗೆ ಹೇಳದವರೇ ಇಲ್ಲ. ರಿವೆಟ್ ಅಂದರೆ ಒಂದು ತುದಿಗೆ ತಲೆ ಇರುವ ದಪ್ಪ ಮೊಳೆ, ಕಾಯಿಸಿ ತೂತಿಗೆ ತೂರಿಸಿ ಇನ್ನೊಂದು ತುದಿಯನ್ನೂ ಬಡಿದು ತಲೆ ಮಾಡುವುದು. ನಾನು ರಿಪೇರಿ ಮಾಡಿದ್ದು ಮಲೆನಾಡಿನ ಕಾಫಿ ತೋಟವೊಂದರ ಹಳ್ಳದ ಮೇಲಿನ ಸೇತುವೆ. ಬ್ರಿಟಿಷರ ಕಾಲದ್ದು, ಉದ್ದ ಸುಮಾರು 40 ಅಡಿ. ಈಗ ಎರಡು ಮಳೆಗಾಲ ದಾಟಿದೆ, ನಾವು ಹೊಡೆದ ಒಂದು ರಿವೆಟ್ಟೂ ಸಡಿಲವಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವೆಲ್ಡಿಂಗ್ ಅಲ್ಲಿ ಆಗಲೇ ಸೋತಿತ್ತು. ಹಿಂದೆ ಯಾರೋ ಹಾಕಿದ್ದ ವೆಲ್ಡಿನ ಪಕ್ಕದಲ್ಲೇ ಪ್ಲೇಟು ಪದರ ಪದರವಾಗಿ ಸೀಳಿತ್ತು. ಕೆಟ್ಟ ತುಂಡೊಂದನ್ನು ಕತ್ತರಿಸಿ, ಗರಗಸದಲ್ಲಿ ಗೀರು ಹಾಕಿ ಬಗ್ಗಿಸಿದೆ. ಒಣ ಬಿದಿರಿನ ಹಾಗೆ ನಾರು ನಾರಾಗಿ ಮುರಿಯಿತು. ಅಂದರೆ ಉಕ್ಕಲ್ಲ, ಒಳಗೆ ಕಿಟ್ಟದ ಎಳೆ ಇರುವ ಹಳೇ ಕಾಲದ ಕಬ್ಬಿಣ, ರಾಟ್ ಐರನ್. ವೆಲ್ಡ್ ಹೊಡೆದರೆ ಆ ಎಳೆಗುಂಟವೇ ಸೀಳುತ್ತದೆ. 1889ರ ಐಫೆಲ್ ಗೋಪುರವೂ ಇದೇ ಜಾತಿಯ ಕಬ್ಬಿಣ, ಅದನ್ನು ಹಿಡಿದಿರುವುದು ಸುಮಾರು 25 ಲಕ್ಷ ರಿವೆಟ್. 1943ರಲ್ಲಿ ತೆರೆದ ಹೌರಾ ಸೇತುವೆ ಉಕ್ಕಿನದು, ಅದೂ ರಿವೆಟ್ ಮೇಲೇ ನಿಂತಿದೆ. ಇನ್ನು ಬೋಲ್ಟ್ ಹಾಕೋಣ ಅಂದರೆ ತೂತುಗಳು ತುಕ್ಕು ತಿಂದು ಮೊಟ್ಟೆ ಆಕಾರಕ್ಕೆ ತಿರುಗಿದ್ದವು, ಅದರಲ್ಲಿ ಬೋಲ್ಟ್ ಆಡುತ್ತದೆ. ಬಿಸಿ ರಿವೆಟ್ ಆದರೆ ಬಡಿದಾಗ ಉಬ್ಬಿ ತೂತನ್ನೇ ತುಂಬುತ್ತದೆ, ಆರುವಾಗ ಕುಗ್ಗಿ ಪ್ಲೇಟುಗಳನ್ನು ಬಿಗಿ ಹಿಡಿಯುತ್ತದೆ.

ದುಡ್ಡಿನ ಮಾತು. ವೆಲ್ಡಿಂಗಿಗೆ 80 ಸಾವಿರ ಅಂದಿದ್ದರು, ಹೊಸ ಸೇತುವೆಗೆ ಆರೇಳು ಲಕ್ಷ. ನನ್ನದು ಎರಡೂಕಾಲು ಲಕ್ಷದ ಹತ್ತಿರ ನಿಂತಿತು. ಗಾಳಿಯ ಒತ್ತಡದಲ್ಲಿ ಬಡಿಯುವ ರಿವೆಟ್ ಗನ್ ಮುಂಬೈ ಗುಜರಿಯಲ್ಲಿ 18 ಸಾವಿರಕ್ಕೆ ಸಿಕ್ಕಿತು, ಅದರ ತುದಿಗೆ ಹಾಕುವ, ರಿವೆಟ್ ತಲೆಗೆ ಆಕಾರ ಕೊಡುವ ಅಚ್ಚನ್ನು, ಅಂದರೆ ಸ್ನ್ಯಾಪನ್ನು, ಇಲ್ಲೇ ಲೇತಿನಲ್ಲಿ ಮಾಡಿಸಿದೆ. ಜಾಸ್ತಿ ತಿಂದಿದ್ದು ಗನ್ನಿಗೆ ಗಾಳಿ ಕೊಡುವ ಕಂಪ್ರೆಸರ್ ಬಾಡಿಗೆ. ಕೆಲಸ ನಿಂತ ದಿನವೂ ಅದರ ಮೀಟರ್ ಓಡುತ್ತಲೇ ಇರುತ್ತದೆ.

ಮೊದಲ ವಾರ ಹೊಡೆದ ರಿವೆಟ್ಟುಗಳಲ್ಲಿ ಮುಕ್ಕಾಲು ಪಾಲು ಕತ್ತರಿಸಿ ತೆಗೆಯಬೇಕಾಯಿತು. ಕುಲುಮೆಯಲ್ಲಿ ಕಿಡಿ ಉಗುಳುವಷ್ಟು ಕಾದದ್ದು ಸುಟ್ಟ ಹಾಗೇ ಲೆಕ್ಕ, ಅದರ ತಲೆ ಪುಡಿಪುಡಿ. ಹದವಾಗಿ ಕಾದದ್ದೂ ಕೂರಲಿಲ್ಲ, ಏಕೆಂದರೆ ಹೋಸ್ ನೂರೈವತ್ತು ಅಡಿ ಉದ್ದ ಎಳೆದಿದ್ದರಿಂದ ಗಾಳಿಯ ಒತ್ತಡ ದಾರಿಯಲ್ಲೇ ಸತ್ತು, ತಲೆ ಮೂಡುವ ಮೊದಲೇ ರಿವೆಟ್ ಕಪ್ಪಾಗುತ್ತಿತ್ತು. ಟ್ರ್ಯಾಕ್ಟರ್ ಕಟ್ಟಿ ಕಂಪ್ರೆಸರನ್ನು ಹಳ್ಳದ ದಂಡೆಗೇ ಎಳೆದು ತಂದ ಮೇಲೆ ಗನ್ನಿಗೆ ಜೀವ ಬಂತು. ಕಿತ್ತಳೆ ಬಣ್ಣ ಹಳದಿಗೆ ತಿರುಗುವಾಗ ತೆಗೆಯಬೇಕು, ಮಂದ ಕೆಂಪಿಗೆ ಇಳಿಯುವುದರೊಳಗೆ ಮುಗಿಸಬೇಕು. ತಲೆ ಮೂಡಲು ಪ್ಲೇಟಿನ ಹೊರಗೆ ರಿವೆಟ್ಟಿನ ದಪ್ಪದ ಒಂದೂವರೆ ಪಟ್ಟು ಉದ್ದ ಬಿಡಿ ಅನ್ನುವ ಲೆಕ್ಕ ಹಳೇ ತೂತಿಗೆ ಸಾಲುವುದಿಲ್ಲ, ಇನ್ನೂ ಸ್ವಲ್ಪ ಬೇಕು. ಎಷ್ಟು ಅನ್ನುವುದು ತೂತು ನೋಡಿದರೇ ಗೊತ್ತಾಗುವುದು.

ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಮತ್ತು ಪ್ಲೇಟಿನ ನಡುವೆ ತುಕ್ಕು ಉಬ್ಬಿ ಬೆರಳು ತೂರುವಷ್ಟು ಸಂದಿ ಬಿದ್ದಿತ್ತು. ಉಳಿಯಿಂದ ಕೆರೆದರೆ ಬಗ್ಗಲೇ ಇಲ್ಲ. ಗ್ಯಾಸಿನಲ್ಲಿ ಮಂದ ಕೆಂಪಾಗುವಷ್ಟು ಕಾಯಿಸಿ ಸುತ್ತಿಗೆಯಲ್ಲಿ ಬಡಿದಾಗ ಚಕ್ಕೆ ಚಕ್ಕೆಯಾಗಿ ಉದುರಿತು. ಆಮೇಲೆ ಎರಡು ತೂತು ಬಿಟ್ಟು ಒಂದಕ್ಕೆ ತಾತ್ಕಾಲಿಕವಾಗಿ ಬೋಲ್ಟ್ ಬಿಗಿದು, ಮಧ್ಯದಿಂದ ಹೊರಕ್ಕೆ ರಿವೆಟ್ ಹೊಡೆದುಕೊಂಡು ಹೋದೆವು. ಗನ್ ಬಡಿಯುವಾಗ ರಿವೆಟ್ಟಿನ ಇನ್ನೊಂದು ತಲೆಗೆ ಒತ್ತಿ ಹಿಡಿಯುವ ಭಾರದ ಕಬ್ಬಿಣವೇ ಡಾಲಿ, ಕೆಳಗಿನ ಮೂಲೆಗಳಲ್ಲಿ ಅದನ್ನು ಹಿಡಿಯಲು ಜಾಗವೇ ಇಲ್ಲ. ಅಲ್ಲಿಗೆ ನಾನೂ ನಮ್ಮ ಕಮ್ಮಾರರೂ ಸೇರಿ ಬೇರೆಯದೇ ಒಂದು ಡಾಲಿ ಮಾಡಿದೆವು. ಅದರ ಆಕಾರ ಮಾತ್ರ ಇಲ್ಲಿ ಬರೆಯುವುದಿಲ್ಲ.

ಕೆಲಸ ಮುಗಿದ ಮೇಲೆ, ಇದು ಆಗದ ಮಾತು ಅಂದಿದ್ದ ಎಂಜಿನಿಯರ್ ಒಬ್ಬರು ಬಂದರು. ರಿವೆಟ್ಟಿನ ಒಂದು ಬದಿಗೆ ಬೆರಳಿಟ್ಟು, ಇನ್ನೊಂದು ಬದಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಸೇತುವೆಯ ಈ ತುದಿಯಿಂದ ಆ ತುದಿಗೆ ಹೋದರು. ಒಂದೂ ಅದುರಲಿಲ್ಲ. ಮರುವಾರ ಅವರೇ ಫೋನ್ ಮಾಡಿ ಇನ್ನೊಂದು ಸೇತುವೆ ನೋಡಿ ಬನ್ನಿ ಅಂದರು!

ನಡುವೆ ತುಕ್ಕು ತಡೆಯಲು ಬಣ್ಣದ್ದೂ ಒಂದು ಪ್ರಯೋಗ ಮಾಡಿದೆ. ಕರಾವಳಿಯಲ್ಲಿ ಮರದ ದೋಣಿಗೆ ಗೇರುಬೀಜದ ಸಿಪ್ಪೆ ಎಣ್ಣೆ ಬಳಿಯುತ್ತಾರಲ್ವಾ, ಅದನ್ನೇ ಒಂದು ಆಂಗಲ್‌ಗೆ ಹಚ್ಚಿ, ಪಕ್ಕದ್ದಕ್ಕೆ ಜಿಂಕ್ ಪ್ರೈಮರ್ ಹೊಡೆದೆ. ಎಣ್ಣೆ ತಿಂಗಳುಗಟ್ಟಲೆ ಅಂಟಂಟಾಗಿಯೇ ಇತ್ತು, ಕೈಗೆ ತಾಗಿದರೆ ಚರ್ಮ ಸುಡುತ್ತದೆ. ಆದರೆ ಬಿಸಿಲು ಬೀಳದ ಅಡಿಭಾಗದಲ್ಲಿ ಪ್ರೈಮರಿಗಿಂತ ಚೆನ್ನಾಗಿ ನಿಂತಿದೆ. ಮೇಲ್ಭಾಗಕ್ಕೆ ಅದು ಬೇಡ.

16 ಎಂಎಂ ರಿವೆಟ್ ಚಿಲ್ಲರೆಗೆ ಸಿಗದೆ ಮೂಟೆಗಟ್ಟಲೆ ತರಿಸಿದ್ದೆ, ಅರ್ಧ ಹಾಗೇ ಉಳಿದಿದೆ. ಬೇಕಾದವರು ಕೊಂಡ ಬೆಲೆಗೇ ತೆಗೆದುಕೊಳ್ಳಬಹುದು. ಮುಂದಿನ ಸೇತುವೆ 20 ಎಂಎಂನದ್ದು, ಅದರ ಸ್ನ್ಯಾಪ್ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ.